ಮಗು ಒಮ್ಮೆ ಮೂರ್ಛೆ ಹೋದರೆ

ಮಾರ್ಚಿ ತಿಂಗಳ ಒಂದು ಬೆಳಗ್ಗೆ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ನಡೆದಿದೆ. ಬಿಸಿಲು ಆಗಲೇ ಏರಿದೆ. ನಾಲ್ಕನೆಯ ತರಗತಿಯ ಸಾಲಿನಲ್ಲಿ ನಿಂತ ಒಂಬತ್ತು ವರ್ಷದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾಳೆ. ಕೈಕಾಲುಗಳು ಅದುರುತ್ತವೆ, ಕಣ್ಣುಗುಡ್ಡೆಗಳು ಹೊರಳುತ್ತವೆ. ಸಾಲು ಚೆದುರುತ್ತದೆ. ಒಬ್ಬರು ಬೀಗದಕೈಗಳ ಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕುತ್ತಾರೆ. ಇನ್ನೊಬ್ಬರು ಈರುಳ್ಳಿ ತರಲು ಓಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಕಣ್ಣು ತೆರೆಯುತ್ತಾಳೆ. ಸಂಜೆಯ ಹೊತ್ತಿಗೆ ಬೀದಿಯಲ್ಲೆಲ್ಲ ಒಂದೇ ಮಾತು: “ಆ ಹುಡುಗಿಗೆ ಫಿಟ್ಸ್ ಅಂತೆ.”

ಈ ಹುಡುಗಿ ನಮ್ಮ ಕಲ್ಪನೆಯವಳು. ಆದರೆ ಇಂಥ ಬೆಳಗು ಯಾವ ಊರಿಗೂ ಹೊಸದಲ್ಲ. ತಾಯಿ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದು ಮೂರು ಪ್ರಶ್ನೆಗಳನ್ನು ಕೇಳುತ್ತಾಳೆ: ಇದು ಫಿಟ್ಸೇ? ಮತ್ತೆ ಬರುವುದೇ? ಈಗಲೇ ಔಷಧ ಬೇಡವೇ? ಈ ಪ್ರಶ್ನೆಗಳಿಗೆ ವೈದ್ಯರು ಅನೇಕ ವೇಳೆ ಮೊದಲ ದಿನವೇ ಖಚಿತವಾದ ಉತ್ತರ ಕೊಡಲಾರರು. “ಡಾಕ್ಟರಿಗೂ ಗೊತ್ತಿಲ್ಲವಂತೆ” ಎಂದು ಮನೆಯವರು ಎದೆಗುಂದುವುದು ಇಲ್ಲಿಯೇ. ಆದರೆ ಆ ‘ಗೊತ್ತಿಲ್ಲ’ ಎಂಬ ಮಾತಿಗೂ ಒಂದು ಅಳತೆಯುಂಟು, ಒಂದು ಗಡಿಯುಂಟು. ದಿನ ಕಳೆದಂತೆ ಅದು ಎಷ್ಟು ಕುಗ್ಗುತ್ತದೆಂಬುದನ್ನು ಲೆಕ್ಕ ಹಾಕಿಯೂ ತೋರಿಸಬಹುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಒಂದು ಮಾತು, ಮೂರು ಸಂಗತಿ

ನಮ್ಮ ಆಡುಮಾತಿನಲ್ಲಿ ‘ಮೂರ್ಛೆ’ ಎಂಬ ಒಂದೇ ಶಬ್ದವನ್ನು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಗೊಂದಲದ ಬೇರು ಇಲ್ಲಿದೆ. ಆದುದರಿಂದ ಮೊದಲು ಈ ಮೂರಕ್ಕೂ ಬೇರೆ ಬೇರೆ ಹೆಸರಿಟ್ಟುಕೊಳ್ಳೋಣ.

ಮೊದಲನೆಯದು ಸೆಳವು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸಂದೇಶ ಕಳುಹಿಸುವುದು ವಿದ್ಯುತ್ತಿನ ಸಣ್ಣ ಮಿಡಿತಗಳಿಂದ ಮತ್ತು ರಾಸಾಯನಿಕಗಳಿಂದ. ಕೆಲವು ರಾಸಾಯನಿಕಗಳು ನೆರೆಯ ಕೋಶವನ್ನು ಪ್ರಚೋದಿಸುತ್ತವೆ, ಕೆಲವು ಸುಮ್ಮನಾಗಿಸುತ್ತವೆ. ಗ್ಲುಟಮೇಟು ಮೊದಲ ಬಗೆಯದು. ಗಾಬಾ ಎಂಬುದು ಎರಡನೆಯ ಬಗೆಯದು. ಈ ಎರಡರ ಸಮತೋಲನ ಒಂದು ಕ್ಷಣ ತಪ್ಪಿ, ಅಸಂಖ್ಯ ಕೋಶಗಳು ಒಮ್ಮೆಗೇ ಒಂದೇ ತಾಳದಲ್ಲಿ ಮಿಡಿಯತೊಡಗಿದರೆ ಸೆಳವು ಉಂಟಾಗುತ್ತದೆ. ಸೆಳವೆಂಬುದು ಮಿದುಳಿನ ಬೂದು ದ್ರವ್ಯದ ಹಠಾತ್ತಾದ, ಮಿತಿಮೀರಿದ ಸ್ಫೋಟವೆಂದು 1870ರ ದಶಕದಲ್ಲೇ ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್ ವಿವರಿಸಿದ್ದರು. ಮಿದುಳಿನ ಯಾವ ಭಾಗದಲ್ಲಿ ಈ ಸ್ಫೋಟ ನಡೆಯಿತೆಂಬುದರ ಮೇಲೆ ಲಕ್ಷಣಗಳು ಅವಲಂಬಿಸಿರುತ್ತವೆ. ಇಡೀ ದೇಹ ಸೆಟೆದು ಅದುರಬಹುದು; ತುಟಿಯ ಒಂದು ಕೊನೆ ಮಾತ್ರ ಮಿಡಿಯಬಹುದು; ಮಗು ಹತ್ತು ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತುಬಿಡಬಹುದು.

ಎರಡನೆಯದು ಬವಳಿ. ಇದರ ಮೂಲ ರಕ್ತಸಂಚಾರದಲ್ಲಿದೆ. ಬಹಳ ಹೊತ್ತು ನಿಂತಾಗ ರಕ್ತ ಕಾಲುಗಳಲ್ಲಿ ತಂಗುತ್ತದೆ. ಬಿಸಿಲು, ಹಸಿವು, ನೋವು, ಹೆದರಿಕೆ ಇವು ಕೂಡಿದರೆ ರಕ್ತದೊತ್ತಡ ಇಳಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಅರಿವು ತಪ್ಪುತ್ತದೆ. ಬಿದ್ದೊಡನೆ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬರುವುದರಿಂದ ರಕ್ತ ಮತ್ತೆ ಹರಿದು ಅರಿವು ಮರಳುತ್ತದೆ.

ಮೂರನೆಯದು ಅಪಸ್ಮಾರ ಅಥವಾ ಮೂರ್ಛೆರೋಗ. ಕಾರಣವಿಲ್ಲದೆ ಮತ್ತೆ ಮತ್ತೆ ಸೆಳವು ಬರುವ ಪ್ರವೃತ್ತಿ ಮಿದುಳಿನಲ್ಲಿ ನೆಲೆಸಿದ್ದರೆ ಅದಕ್ಕೆ ಈ ಹೆಸರು. ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಕಾರಣವಿಲ್ಲದ ಎರಡು ಸೆಳವುಗಳು ಬಂದಿರಬೇಕು. ಇಲ್ಲವೇ ಒಂದೇ ಸೆಳವು ಬಂದಿದ್ದರೂ ಮುಂದಿನ 10 ವರ್ಷಗಳಲ್ಲಿ ಮತ್ತೆ ಬರುವ ಸಂಭವ ನೂರಕ್ಕೆ 60ರಷ್ಟಾದರೂ ಇರಬೇಕು. ಅಥವಾ ಅಪಸ್ಮಾರದ ಗುರುತಿಸಲ್ಪಟ್ಟ ಒಂದು ಬಗೆಯ ಲಕ್ಷಣಗಳು ಸ್ಪಷ್ಟವಾಗಿ ಕಂಡಿರಬೇಕು. ಇದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2014ರಲ್ಲಿ ಪ್ರಕಟಿಸಿದ ವ್ಯಾಖ್ಯೆ.

ಈ ವಿಂಗಡಣೆಯಿಂದ ಹೊರಡುವ ಮೊದಲ ಪಾಠ ಮುಖ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ ನೂರು ಜನರಲ್ಲಿ 10 ಮಂದಿಯವರೆಗೆ ಬಾಳಿನಲ್ಲಿ ಒಮ್ಮೆಯಾದರೂ ಸೆಳವು ಬರಬಹುದು. ಆದರೆ ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1990ರ ದಶಕದಲ್ಲಿ ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿದಾಗ ಅಪಸ್ಮಾರವುಳ್ಳವರು ಕಂಡುಬಂದುದು ಸಾವಿರಕ್ಕೆ ಸುಮಾರು 9 ಮಂದಿ ಮಾತ್ರ. ಸೆಳವು ಕಂಡವರೆಲ್ಲ ರೋಗಿಗಳಾಗುವುದಿಲ್ಲವೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ.

ಕಂಡವರ ಸಾಕ್ಷ್ಯ

ಈಗ ತಾಯಿಯ ಮೊದಲ ಪ್ರಶ್ನೆಗೆ ಬರೋಣ. ಅಂಗಳದಲ್ಲಿ ನಡೆದುದು ಸೆಳವೋ, ಬವಳಿಯೋ? “ಕೈಕಾಲು ಅದುರಿತಲ್ಲ, ಇನ್ನೇನು ಸಂಶಯ?” ಎಂದು ವಾಚಕರು ಕೇಳಬಹುದು. ಈ ವಾದ ಎಷ್ಟು ದುರ್ಬಲವೆಂಬುದನ್ನು ಜರ್ಮನಿಯ ಸಂಶೋಧಕರು 1994ರಲ್ಲಿ ತೋರಿಸಿದರು. ಆರೋಗ್ಯವಂತರಾದ ಸ್ವಯಂಸೇವಕರಿಗೆ ಬೇಕೆಂದೇ ಬವಳಿ ಬರಿಸಿ ಅವರು ಅದನ್ನು ಚಿತ್ರೀಕರಿಸಿದರು. ಪೂರ್ಣವಾಗಿ ಅರಿವು ತಪ್ಪಿದವರು 42 ಮಂದಿ. ಅವರಲ್ಲಿ 38 ಮಂದಿಯ ಕೈಕಾಲುಗಳು ಅದುರಿದ್ದವು! ಅರಿವು ತಪ್ಪಿದ್ದ ಅವಧಿ ಸರಾಸರಿ 12 ಸೆಕೆಂಡು. ಆದುದರಿಂದ ಅದುರಾಟ ಒಂದರಿಂದಲೇ ಏನನ್ನೂ ತೀರ್ಮಾನಿಸಲಾಗದು.

ಹಾಗಾದರೆ ವೈದ್ಯರು ಏನನ್ನು ಕೇಳುತ್ತಾರೆ? ಬೀಳುವುದಕ್ಕೆ ಮುಂಚೆ, ಬಿದ್ದಾಗ, ಎದ್ದ ಮೇಲೆ ಎಂದು ಘಟನೆಯನ್ನು ಮೂರು ಭಾಗ ಮಾಡಿಕೊಳ್ಳುತ್ತಾರೆ. ಮುಂಚೆ ಕಣ್ಣು ಕತ್ತಲಿಟ್ಟು, ಮುಖ ಬಿಳಿಚಿಕೊಂಡು, ಮೈ ಬೆವರಿದ್ದರೆ ಬವಳಿಯ ಕಡೆ ತಕ್ಕಡಿ ವಾಲುತ್ತದೆ. ಬಿದ್ದಾಗ ಕತ್ತು ಒಂದೇ ಕಡೆಗೆ ಬಲವಾಗಿ ತಿರುಗಿದ್ದರೆ, ನಾಲಗೆಯ ಅಂಚು ಕಚ್ಚಿಹೋಗಿದ್ದರೆ, ಅದುರಾಟ ಒಂದೆರಡು ನಿಮಿಷ ಮುಂದುವರಿದಿದ್ದರೆ ಸೆಳವಿನ ಕಡೆಗೆ. ಎದ್ದ ಕೂಡಲೇ ಎಲ್ಲರ ಗುರುತು ಹಿಡಿದರೆ ಬವಳಿ. ಬಹಳ ಹೊತ್ತು ಮಂಕಾಗಿದ್ದು ನಿದ್ರೆಗೆ ಜಾರಿದರೆ ಸೆಳವು ಎಂಬುದು ಸ್ಥೂಲವಾದ ಸೂತ್ರ.

ನಮ್ಮ ಹುಡುಗಿಯ ವಿಷಯದಲ್ಲಿ ಸಾಕ್ಷಿಗಳು ಒಂದೇ ಕಡೆ ನಿಲ್ಲುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಗೆಳತಿ ಹೇಳುತ್ತಾಳೆ: “ಕಣ್ಣು ಕತ್ತಲೆ ಬರ್ತಿದೆ ಕಣೇ ಅಂದಳು. ಮುಖ ಬೆಳ್ಳಗಾಗಿತ್ತು.” ಆ ದಿನ ಅವಳು ಬೆಳಗಿನ ತಿಂಡಿ ತಿಂದಿರಲಿಲ್ಲವೆಂದು ತಾಯಿ ನೆನಪು ಮಾಡಿಕೊಳ್ಳುತ್ತಾಳೆ. ಆದರೆ ಉಪಾಧ್ಯಾಯರು ಬೇರೆ ಹೇಳುತ್ತಾರೆ: ಕತ್ತು ಎಡಕ್ಕೆ ತಿರುಗಿತ್ತು, ಹತ್ತು ನಿಮಿಷ ಅದುರಿದಳು, ಆಮೇಲೆ ಅರ್ಧ ಗಂಟೆ ಮಲಗಿದ್ದಳು. ಹತ್ತು ನಿಮಿಷವೆಂಬುದು ಗಡಿಯಾರ ನೋಡಿ ಹೇಳಿದ ಮಾತಲ್ಲ. ಗಾಬರಿಯಲ್ಲಿ ಅರ್ಧ ನಿಮಿಷವೂ ಯುಗವಾಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬಳು ಮೊದಲನ್ನು ಕಂಡಳು, ಇನ್ನೊಬ್ಬರು ಕೊನೆಯನ್ನು ಕಂಡರು. ಯಾರಾದರೂ ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದು ವೈದ್ಯರಿಗೆ ಮಾತ್ರ ತೋರಿಸಿದ್ದರೆ ದೊಡ್ಡ ಉಪಕಾರವಾಗುತ್ತಿತ್ತು.

ವೈದ್ಯರು ಇನ್ನೂ ಕೆಲವು ಪ್ರಶ್ನೆ ಕೇಳುತ್ತಾರೆ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಎಂದಾದರೂ ಹೀಗಾಗಿತ್ತೇ? ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಸುರಿದುಕೊಳ್ಳುವಾಗ ಬರುವ ‘ಬಿಸಿನೀರಿನ ಅಪಸ್ಮಾರ’ ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ನಮ್ಮ ಹಳೆಯ ಮೈಸೂರಿನ ಕಡೆ, ಹೆಚ್ಚಾಗಿ ವರದಿಯಾಗಿರುವ ಒಂದು ಬಗೆ. ಓಡುವಾಗ, ಈಜುವಾಗ ಬಿದ್ದಿದ್ದಳೇ? ವಂಶದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಈ ಕೊನೆಯ ಪ್ರಶ್ನೆಗಳು ಹೃದಯವನ್ನು ಕುರಿತವು. ಹೃದಯದ ಬಡಿತದ ಲಯ ತಪ್ಪುವ ಕೆಲವು ಅಪರೂಪದ ರೋಗಗಳು ಸೆಳವಿನ ವೇಷದಲ್ಲಿ ಬರುತ್ತವೆ. ಅವನ್ನು ಗುರುತಿಸದೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಮಿದುಳಿನ ತೊಂದರೆಯೆಂದು ಬಂದ ಮಗುವಿಗೂ ಹೃದಯದ ಇ.ಸಿ.ಜಿ. ಪರೀಕ್ಷೆ ಮಾಡುತ್ತಾರೆ.

ಮಗು 6 ತಿಂಗಳಿಂದ 5 ವರ್ಷದೊಳಗಿನದಾಗಿದ್ದು, ಜ್ವರದೊಡನೆ ಸೆಳವು ಬಂದಿದ್ದರೆ ಅದರ ಲೆಕ್ಕವೇ ಬೇರೆ. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಇಂಥ ಜ್ವರದ ಸೆಳವು ಬರುತ್ತದೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಮುಂದೆ ಅಪಸ್ಮಾರ ಬರುವುದಿಲ್ಲ. ಆದರೆ ಕತ್ತು ಬಿಗಿದಿದ್ದರೆ, ಮಗು ಎಚ್ಚರಗೊಳ್ಳದಿದ್ದರೆ, ಅದು ಮಿದುಳಿನ ಪೊರೆಯ ಸೋಂಕಾಗಿರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯಬಾರದು.

ಪರೀಕ್ಷೆಗಳು ಹೇಳುವುದೆಷ್ಟು?

“ಮಿದುಳಿನ ಪರೀಕ್ಷೆ ಮಾಡಿದರೆ ಎಲ್ಲ ತಿಳಿಯುವುದಿಲ್ಲವೇ?” ಎಂಬುದು ಸಹಜವಾದ ಪ್ರಶ್ನೆ. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲಬಾರಿಗೆ ಮನುಷ್ಯನ ಮಿದುಳಿನ ವಿದ್ಯುದಲೆಗಳನ್ನು ದಾಖಲಿಸಿ, 1929ರಲ್ಲಿ ಆ ವಿಷಯವನ್ನು ಪ್ರಕಟಿಸಿದರು. ಇಂದಿನ ಇ.ಇ.ಜಿ. ಯಂತ್ರ ಅದರ ಸಂತತಿಯೇ. ನೆತ್ತಿಯ ಮೇಲೆ ಅಂಟಿಸಿದ ಲೋಹದ ಸಣ್ಣ ಬಿಲ್ಲೆಗಳು ಹಿಡಿಯುವ ಅಲೆಯ ಬಲ ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವು ಹತ್ತು ಪಾಲುಗಳಷ್ಟು ಮಾತ್ರ. ಪರೀಕ್ಷೆ ನಡೆಯುವುದು ಸುಮಾರು ಅರ್ಧ ಗಂಟೆ. ಮಿದುಳಿನಲ್ಲಿ ಸೆಳವಿನ ಪ್ರವೃತ್ತಿಯಿದ್ದರೂ ಆ ಅರ್ಧ ಗಂಟೆಯಲ್ಲಿ ಅದು ಸುಮ್ಮನಿರಬಹುದು. ಅಪಸ್ಮಾರ ಖಚಿತವಾಗಿರುವವರಲ್ಲೂ ಹೆಚ್ಚು ಕಡಮೆ ಅರ್ಧದಷ್ಟು ಮಂದಿಯ ಮೊದಲ ದಾಖಲೆಯಲ್ಲಿ ಏನೂ ಕಾಣುವುದಿಲ್ಲ. ಇದಕ್ಕೆ ಪ್ರತಿಯಾಗಿ, ಎಂದೂ ಸೆಳವು ಕಾಣದ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಕೆಲವರ ದಾಖಲೆಯಲ್ಲಿ ಚೂಪಾದ ಅಲೆಗಳು ಕಾಣಿಸುತ್ತವೆ. ಹೀಗಿರುವಾಗ ಯಂತ್ರ ಸಾಕ್ಷಿ ಹೇಳಬಲ್ಲುದೇ ಹೊರತು ನ್ಯಾಯಾಧೀಶನಾಗಲಾರದು.

ತಲೆಯ ಸ್ಕ್ಯಾನು ಗಾಯ, ಗಡ್ಡೆ, ಹುಟ್ಟಿನಿಂದ ಬಂದ ದೋಷ ಮೊದಲಾದುವನ್ನು ತೋರಿಸುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನೂ ನೆನೆಯಬೇಕು. ಹಂದಿಯಲ್ಲಿ ಬೆಳೆಯುವ ಲಾಡಿಹುಳುವಿನ ಮೊಟ್ಟೆಗಳು ಮಲಿನವಾದ ನೀರು, ತೊಳೆಯದ ಹಸಿ ತರಕಾರಿಗಳ ಮೂಲಕ ಹೊಟ್ಟೆ ಸೇರಿ, ಮರಿಗಳು ಮಿದುಳಿಗೆ ಹೋಗಿ ಕೋಶ ಕಟ್ಟಿಕೊಂಡು ಸೆಳವು ತರಬಹುದು. ಮಾಂಸವನ್ನೇ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಇಂಥ ಕಾರಣ ಕಂಡರೆ ಚಿಕಿತ್ಸೆಯ ದಾರಿಯೇ ಬೇರೆ.

ನಮ್ಮ ಹುಡುಗಿಯ ಇ.ಸಿ.ಜಿ., ರಕ್ತದ ಸಕ್ಕರೆ, ಇ.ಇ.ಜಿ. ಎಲ್ಲವೂ ಸರಿಯಾಗಿಯೇ ಇವೆಯೆಂದು ಇಟ್ಟುಕೊಳ್ಳೋಣ. ವೈದ್ಯರು ಹೇಳುತ್ತಾರೆ: “ನೋಡಿ ಅಮ್ಮ, ಇದು ಬವಳಿಯೇ ಇರಬೇಕೆಂದು ನನಗೆ ತೋರುತ್ತದೆ. ಆದರೆ ಸೆಳವಲ್ಲವೆಂದು ಆಣೆಯಿಟ್ಟು ಹೇಳಲಾರೆ. ಸೆಳವೇ ಆಗಿದ್ದರೂ ಮುಂದೇನು ಎಂಬುದನ್ನು ಈಗ ಯೋಚಿಸೋಣ.”

ಮತ್ತೆ ಬರುವುದೇ?

ಈ ಪ್ರಶ್ನೆಗೆ ಉತ್ತರ ಒಂದು ಮಗುವನ್ನು ನೋಡಿ ದೊರೆಯುವುದಲ್ಲ. ಅನೇಕ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಪಡೆಯಬೇಕಾದುದು. ಅಮೆರಿಕದ ನ್ಯೂಯಾರ್ಕಿನಲ್ಲಿ, ಮೊದಲ ಬಾರಿಗೆ ಕಾರಣವಿಲ್ಲದ ಸೆಳವು ಬಂದ 407 ಮಕ್ಕಳನ್ನು ಹೀಗೆ ಗಮನಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಅದರಂತೆ ಮತ್ತೊಂದು ಸೆಳವು ಬಂದವರು ಒಂದು ವರ್ಷದೊಳಗೆ ನೂರಕ್ಕೆ 29, ಎರಡು ವರ್ಷದೊಳಗೆ 37, ಐದು ವರ್ಷದೊಳಗೆ 42 ಮಂದಿ. ಎಂದರೆ ನೂರರಲ್ಲಿ 58 ಮಕ್ಕಳು ಐದು ವರ್ಷ ಕಳೆದರೂ ಎರಡನೆಯ ಸೆಳವನ್ನು ಕಾಣಲೇ ಇಲ್ಲ. ಇ.ಇ.ಜಿ. ಸರಿಯಾಗಿದ್ದು ಬೇರೆ ದೋಷವಿಲ್ಲದ ಮಕ್ಕಳಲ್ಲಿ ಸಂಭವ ಇನ್ನೂ ಕಡಮೆ. ಮಿದುಳಿಗೆ ಹಿಂದೆ ಪೆಟ್ಟಾಗಿದ್ದವರಲ್ಲಿ, ಇ.ಇ.ಜಿ.ಯಲ್ಲಿ ದೋಷ ಕಂಡವರಲ್ಲಿ ಹೆಚ್ಚು.

ಈ ಅಂಕಿಗಳಲ್ಲಿ ಇನ್ನೊಂದು ಸ್ವಾರಸ್ಯ ಅಡಗಿದೆ. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಬಹುದು. ನೂರು ಮಕ್ಕಳನ್ನು ಇಟ್ಟುಕೊಳ್ಳೋಣ. ಮೊದಲ ದಿನ, ಐದು ವರ್ಷದೊಳಗೆ ಮತ್ತೆ ಸೆಳವು ಬರುವ ಸಂಭವ ನೂರಕ್ಕೆ 42. ಒಂದು ವರ್ಷ ಕಳೆಯಿತು, 29 ಮಕ್ಕಳಿಗೆ ಬಂದುಹೋಯಿತು, ಉಳಿದವರು 71. ಆ 71 ಮಕ್ಕಳಲ್ಲಿ ಮುಂದೆ ಬರಬೇಕಾದುದು 42ರಲ್ಲಿ 29 ಕಳೆದರೆ ಉಳಿಯುವ 13 ಮಂದಿಗೆ ಮಾತ್ರ. ಹದಿಮೂರನ್ನು ಎಪ್ಪತ್ತೊಂದರಿಂದ ಭಾಗಿಸಿದರೆ ನೂರಕ್ಕೆ ಸುಮಾರು 18. ಎರಡನೆಯ ವರ್ಷವೂ ಹಾಗೆಯೇ ಕಳೆದರೆ ಉಳಿದವರು 63. ಮುಂದೆ ಬರಬೇಕಾದುದು 5 ಮಂದಿಗೆ. ನೂರಕ್ಕೆ ಸುಮಾರು 8. ನಲವತ್ತೆರಡು, ಹದಿನೆಂಟು, ಎಂಟು! ಮಗುವಿಗೆ ಯಾವ ಔಷಧವನ್ನೂ ಕೊಡದೆ, ಯಾವ ಹೊಸ ಪರೀಕ್ಷೆಯನ್ನೂ ಮಾಡದೆ, ಸುಮ್ಮನೆ ಕಳೆದ ದಿನಗಳೇ ನಮಗೆ ತಿಳಿವನ್ನು ಒದಗಿಸಿದುವು. ‘ಕಾದು ನೋಡೋಣ’ ಎಂಬ ವೈದ್ಯರ ಮಾತಿನ ಹಿಂದೆ ಈ ಗಣಿತವಿದೆ.

ಔಷಧದ ಪ್ರಶ್ನೆ

“ಸಂಭವ ಇದೆಯೆಂದ ಮೇಲೆ ಈಗಲೇ ಮಾತ್ರೆ ಕೊಟ್ಟುಬಿಡಬಾರದೇ?” ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬ್ರಿಟನ್ನಿನಿಂದ 2005ರಲ್ಲಿ ಹೊರಬಂದಿತು. ಒಂದು ಅಥವಾ ಕೆಲವೇ ಸೆಳವು ಕಂಡಿದ್ದ 1,400ಕ್ಕೂ ಹೆಚ್ಚು ಮಂದಿಯಲ್ಲಿ, ಮಕ್ಕಳೂ ಸೇರಿದಂತೆ, ಕೆಲವರಿಗೆ ಕೂಡಲೇ ಔಷಧ ಆರಂಭಿಸಿದರು. ಉಳಿದವರಿಗೆ ಅಗತ್ಯ ಬಿದ್ದಾಗ ಕೊಡಲೆಂದು ಕಾದರು. ಕೂಡಲೇ ಕೊಟ್ಟವರಲ್ಲಿ ಮೊದಲ ಒಂದೆರಡು ವರ್ಷ ಸೆಳವುಗಳು ಕಡಮೆಯಾದುವು, ನಿಜ. ಆದರೆ ಮೂರರಿಂದ ಐದನೆಯ ವರ್ಷದ ನಡುವೆ ಸೆಳವಿಲ್ಲದೆ ಇದ್ದವರು ಒಂದು ಗುಂಪಿನಲ್ಲಿ ನೂರಕ್ಕೆ 76, ಇನ್ನೊಂದರಲ್ಲಿ 77. ಔಷಧ ಸೆಳವನ್ನು ತಡೆದೀತು. ಸೆಳವಿನ ಪ್ರವೃತ್ತಿಯನ್ನು ಬೇರುಸಹಿತ ಕೀಳಲಾರದು. ಅದರ ಜೊತೆಗೆ ತೂಕಡಿಕೆ, ಚರ್ಮದ ದದ್ದು, ಓದಿನಲ್ಲಿ ಮಂಕುತನ ಮುಂತಾದ ಕಾಟಗಳೂ ಬರಬಹುದು.

ಆದುದರಿಂದ ಒಂದೇ ಸೆಳವಿನ ಅನಂತರ, ಬೇರೆ ದೋಷ ಕಾಣದಿದ್ದರೆ, ವೈದ್ಯರು ಸಾಮಾನ್ಯವಾಗಿ ಕಾಯುತ್ತಾರೆ. ಕಾದುದರಿಂದ ಮಗುವಿನ ಮುಂದಿನ ಬಾಳಿಗೆ ನಷ್ಟವಿಲ್ಲವೆಂಬ ತಿಳಿವೇ ಇದಕ್ಕೆ ಆಧಾರ. ಮತ್ತೆ ಬರುವ ಸಂಭವ ಹೆಚ್ಚಾಗಿರುವ ಮಗುವಿಗೆ ಮೊದಲ ಸಲವೇ ಔಷಧ ಬೇಕಾಗಬಹುದು. ಒಮ್ಮೆ ಆರಂಭಿಸಿದ ಔಷಧವನ್ನು ಮನೆಯವರು ತಾವಾಗಿಯೇ ನಿಲ್ಲಿಸುವುದು ಮಾತ್ರ ಅಪಾಯಕರ. ಹಠಾತ್ತಾಗಿ ನಿಲ್ಲಿಸಿದ ಔಷಧವೇ ಸೆಳವನ್ನು ಕರೆತರಬಲ್ಲುದು.

ಕಾಯುವ ಕಾಲ

ಕಾಯುವುದೆಂದರೆ ಮಗುವನ್ನು ಕೋಣೆಯೊಳಗೆ ಕೂಡಿಹಾಕುವುದಲ್ಲ. ಶಾಲೆ, ಆಟ, ಹಬ್ಬ ಎಲ್ಲವೂ ನಡೆಯಲಿ. ಎಲ್ಲಿ ಒಂದು ನಿಮಿಷ ಅರಿವು ತಪ್ಪಿದರೆ ಪ್ರಾಣಾಪಾಯವೋ ಅಲ್ಲಿ ಮಾತ್ರ ಎಚ್ಚರ ಬೇಕು. ಕೆರೆ, ಬಾವಿ, ಈಜುಕೊಳಗಳ ಬಳಿ ಒಂಟಿಯಾಗಿ ಬಿಡಬಾರದು. ಮರ ಹತ್ತುವುದು, ವಾಹನ ಓಡಾಡುವ ರಸ್ತೆಯಲ್ಲಿ ಸೈಕಲ್ ತುಳಿಯುವುದು ಕೆಲವು ಕಾಲ ಬೇಡ. ಬೆಂಕಿಯ ಒಲೆಯಿಂದ ದೂರವಿರಲಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕದಿರಲಿ. ನಿದ್ರೆಗೆಟ್ಟರೆ ಸೆಳವಿಗೆ ದಾರಿಯಾಗುವುದರಿಂದ ಹೊತ್ತಿಗೆ ಸರಿಯಾಗಿ ಮಲಗುವುದು ಒಳ್ಳೆಯದು. ಬವಳಿಯೇ ಆಗಿದ್ದರೆ ತಿಂಡಿ ತಿಂದು, ಸಾಕಷ್ಟು ನೀರು ಕುಡಿದು ಹೊರಡುವುದೇ ಮದ್ದು. ಒಂದು ನೋಟ್ ಪುಸ್ತಕದಲ್ಲಿ ನಡೆದುದನ್ನು ದಿನಾಂಕ, ವೇಳೆಸಹಿತ ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಬೇರೊಂದಿಲ್ಲ.

ಎಲ್ಲಕ್ಕಿಂತ ಕಠಿನವಾದುದು ಬೀದಿಯ ಬಾಯನ್ನು ಎದುರಿಸುವುದು. ಹೆಣ್ಣುಮಗುವಿನ ವಿಷಯದಲ್ಲಂತೂ ‘ಫಿಟ್ಸ್’ ಎಂಬ ಮಾತು ಮದುವೆಯ ಕಾಲದವರೆಗೂ ಬೆನ್ನು ಬಿಡುವುದಿಲ್ಲ. ಮೇಲಿಂದ ಮೇಲೆ ಅಪಸ್ಮಾರ ಬರುವವರು ಮದುವೆಗೆ ಅರ್ಹರಲ್ಲವೆಂಬ ಮಾತು ಹಿಂದೂ ವಿವಾಹ ಕಾಯಿದೆಯಲ್ಲೇ ಇದ್ದಿತು; 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಅಪಸ್ಮಾರ ಖಚಿತವಾದವರಲ್ಲೂ ಸರಿಯಾದ ಔಷಧದಿಂದ ನೂರಕ್ಕೆ 70ರವರೆಗೆ ಸೆಳವಿಲ್ಲದೆ ಬಾಳಬಲ್ಲರು. ಕಾನೂನು ಬಿಟ್ಟ ಮಾತನ್ನು ನಾವು ಒಂಬತ್ತು ವರ್ಷದ ಮಗುವಿನ ಮೇಲೆ, ಅದೂ ಒಂದೇ ಬೆಳಗಿನ ಅರೆಬರೆ ಸಾಕ್ಷ್ಯದ ಮೇಲೆ, ಹೊರಿಸುವುದು ಯಾವ ನ್ಯಾಯ?

ಒಂದು ವರ್ಷ ಕಳೆಯಿತೆಂದು ಇಟ್ಟುಕೊಳ್ಳೋಣ. ಹುಡುಗಿ ಐದನೆಯ ತರಗತಿಯ ಸಾಲಿನಲ್ಲಿ ನಿಂತಿದ್ದಾಳೆ. ನೋಟ್ ಪುಸ್ತಕದಲ್ಲಿ ಮೊದಲ ಪುಟದ ಬರವಣಿಗೆಯ ಮುಂದೆ ಇನ್ನೇನೂ ಸೇರಿಲ್ಲ. ಆ ದಿನ ನಡೆದುದು ಸೆಳವೋ ಬವಳಿಯೋ ಎಂದು ಕೇಳಿದರೆ ವೈದ್ಯರು ಇಂದೂ ಖಚಿತವಾಗಿ ಹೇಳಲಾರರು. ಬಹುಶಃ ಎಂದೂ ಹೇಳಲಾರರು. ಆದರೆ ತಾಯಿಗೆ ಈಗ ಆ ಪ್ರಶ್ನೆ ಮೊದಲಿನಷ್ಟು ಭಾರವಾಗಿ ಉಳಿದಿಲ್ಲ.

ಕೊನೆಗೆ ನಮ್ಮ ವಿದ್ಯಾರ್ಥಿ ಮಿತ್ರರಿಗೊಂದು ಮಾತು. ನಾಳೆ ನಿಮ್ಮ ಸಾಲಿನಲ್ಲೇ ಯಾರಾದರೂ ಬೀಳಬಹುದು. ಮೊದಲು ಗಡಿಯಾರ ನೋಡಿಕೊಳ್ಳಿರಿ. ಕಲ್ಲು, ಬೆಂಚುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿರಿ. ಕೊರಳ ಗುಂಡಿ ಸಡಿಲಿಸಿರಿ. ಸಾಧ್ಯವಾದೊಡನೆ ಒಂದು ಮಗ್ಗುಲಿಗೆ ಹೊರಳಿಸಿರಿ, ಜೊಲ್ಲು ಹೊರಕ್ಕೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿರಿ. ಬಾಯಿಗೆ ಚಮಚವನ್ನಾಗಲಿ, ಬಟ್ಟೆಯನ್ನಾಗಲಿ, ನೀರನ್ನಾಗಲಿ ಹಾಕಕೂಡದು. ಬೀಗದಕೈ, ಈರುಳ್ಳಿ, ಚಪ್ಪಲಿಗಳಿಂದ ಸೆಳವು ನಿಲ್ಲುವುದಿಲ್ಲ. ತಾನಾಗಿಯೇ ನಿಲ್ಲುವ ಸೆಳವಿನ ಕೀರ್ತಿ ಅವಕ್ಕೆ ಸಲ್ಲುತ್ತಿದೆ, ಅಷ್ಟೇ. ಐದು ನಿಮಿಷವಾದರೂ ಅದುರಾಟ ನಿಲ್ಲದಿದ್ದರೆ, ಅರಿವು ಮರಳದೆಯೇ ಇನ್ನೊಂದು ಬಂದರೆ, ಉಸಿರಾಟ ಸರಿಹೋಗದಿದ್ದರೆ 108ಕ್ಕೆ ಕರೆ ಮಾಡಿರಿ. ಎಲ್ಲ ಮುಗಿದ ಮೇಲೆ, ಬೀಳುವ ಮುಂಚೆ ಏನು ಕಂಡಿರಿ, ಎಷ್ಟು ಹೊತ್ತಾಯಿತು, ಎದ್ದು ಏನೆಂದಳು ಎಂಬುದನ್ನು, ಊಹೆ ಸೇರಿಸದೆ, ಅವಳ ಮನೆಯವರಿಗೆ ಮಾತ್ರ ಹೇಳಿರಿ.